ಮಾರ್ಕ್ ಫಿಡ್ರಿಚ್: 58 ಪಂದ್ಯಕ್ಕೆ ಮುಗಿದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವನು). ಮೊದಲು ಕೆಟ್ಟದ್ದು ಭುಜವೋ, ಮೊಣಕಾಲೋ?

ಮೂರನೇ_ಬೇಸ್

ಫಿಡ್ರಿಚ್ ಹೆಸರು ಬಂದಾಗಲೆಲ್ಲ ಎರಡೇ ಮಾತು ಕೇಳಿಬರುತ್ತೆ. ಚೆಂಡಿನ ಜೊತೆ ಮಾತಾಡ್ತಿದ್ದ ತಿಕ್ಕಲ, ಇದು ಒಂದು. ಮ್ಯಾನೇಜರ್ ರಾಲ್ಫ್ ಹೌಕ್ ದುಡಿಸಿ ದುಡಿಸಿ ಹುಡುಗನ ಕೈ ಕೆಡಿಸಿದ, ಇದು ಇನ್ನೊಂದು. ಎರಡೂ ಅರ್ಧ ಸತ್ಯ ಅಂತ ನನ್ನ ವಾದ. ಮೊದಲು ಅಂಕಿ ನೋಡೋಣ. ಎಲ್ಲವೂ ಡೆಟ್ರಾಯಿಟ್ ಟೈಗರ್ಸ್‌ಗೆ ಆಡಿದ್ದು:

1976: 31 ಪಂದ್ಯ, 250.1 ಇನ್ನಿಂಗ್ಸ್, 19 ಗೆಲುವು 9 ಸೋಲು, ಇಆರ್‌ಎ 2.34
1977: 11 ಪಂದ್ಯ, 81 ಇನ್ನಿಂಗ್ಸ್, 6 ಗೆಲುವು 4 ಸೋಲು, 2.89
1978: 3 ಪಂದ್ಯ, 22 ಇನ್ನಿಂಗ್ಸ್, 2 ಗೆಲುವು, 2.45
1979: 4 ಪಂದ್ಯ, 14.2 ಇನ್ನಿಂಗ್ಸ್, 3 ಸೋಲು, 10.43
1980: 9 ಪಂದ್ಯ, 44.1 ಇನ್ನಿಂಗ್ಸ್, 2 ಗೆಲುವು 3 ಸೋಲು, 5.68

ಅಷ್ಟೇ. ಒಟ್ಟು 29 ಗೆಲುವು, 19 ಸೋಲು. ಇಡೀ ವೃತ್ತಿಜೀವನದ ಐದರಲ್ಲಿ ಮೂರು ಪಾಲು ಇನ್ನಿಂಗ್ಸ್ ಮೊದಲ ವರ್ಷದ್ದೇ. ಆ ವರ್ಷ ಎರಡೂ ಲೀಗ್ ಸೇರಿಸಿ ಅತಿ ಕಡಿಮೆ ಇಆರ್‌ಎ ಇವನದು. ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿಗೆ 24 ಮತಗಳಲ್ಲಿ 22 ಬಿದ್ದವು. ವರ್ಷದ ಅತ್ಯುತ್ತಮ ಪಿಚರಿಗೆ ಕೊಡೋ ಸೈ ಯಂಗ್ ಪ್ರಶಸ್ತಿಗೆ ಜಿಮ್ ಪಾಮರ್ ಹಿಂದೆ ಎರಡನೇ ಸ್ಥಾನ. ಆಗ ವಯಸ್ಸು 22.

ಪ್ರಶ್ನೆ ಇಷ್ಟೇ: 1976ರ 250 ಇನ್ನಿಂಗ್ಸ್ ಕೈಯನ್ನು ತಿಂದಿತೋ, ಇಲ್ಲ 1977ರ ಮಾರ್ಚ್‌ನಲ್ಲಿ ಮೊಣಕಾಲಿಗೆ ಆದ ಪೆಟ್ಟೋ?

ಹೊಸಬ_77

ಸಾರ್, ಕ್ರಿಕೆಟ್ ಮಾತ್ರ ಗೊತ್ತಿರೋ ನನ್ನಂಥವರಿಗೆ ಒಂದು ನಿಮಿಷ. ಇಆರ್‌ಎ ಅಂದ್ರೆ ಬೌಲಿಂಗ್ ಸರಾಸರಿಯಾ, ಎಕಾನಮಿಯಾ? 2.34 ಎಷ್ಟರ ಮಟ್ಟಿಗೆ ಒಳ್ಳೇದು?

ಲೆಕ್ಕಪಕ್ಕಾ

ಎರಡರ ನಡುವಿನದು. ಪಿಚರ್ ಒಂಬತ್ತು ಇನ್ನಿಂಗ್ಸ್, ಅಂದರೆ 27 ಔಟ್ ತೆಗೆಯೋಷ್ಟರಲ್ಲಿ ತನ್ನ ಲೆಕ್ಕಕ್ಕೆ ಎಷ್ಟು ರನ್ ಕೊಟ್ಟ ಅನ್ನೋದು. ಔಟಿಗೆ ಕಟ್ಟಿದ ಲೆಕ್ಕ ಆದ್ದರಿಂದ ಬೌಲಿಂಗ್ ಸರಾಸರಿಗೆ ಹತ್ತಿರ. "ತನ್ನ ಲೆಕ್ಕ" ಅನ್ನೋದು ಮುಖ್ಯ: ಫೀಲ್ಡರ್ ಎಡವಟ್ಟಿನಿಂದ ಬಂದ ರನ್ ಇದರಲ್ಲಿ ಸೇರಲ್ಲ. ಕ್ಯಾಚ್ ಬಿಟ್ಟ ಮೇಲೆ ಬ್ಯಾಟ್ಸ್‌ಮನ್ ಹೊಡೆದ ರನ್ನನ್ನು ಬೌಲರ್ ತಲೆಗೆ ಕಟ್ಟಬಾರದು ಅಂತ ನಾವು ಬರೀ ಗೊಣಗ್ತೀವಿ, ಅಲ್ಲಿ ಅದೇ ನಿಯಮ.

1976ಕ್ಕೆ ಹಾಕಿ ನೋಡಿ. ಅವನ ಲೆಕ್ಕದ ರನ್ 65. 65 × 9 = 585. ಅದನ್ನು 250.33ರಿಂದ ಭಾಗಿಸಿದರೆ 2.34. ಸಾಮಾನ್ಯವಾಗಿ 3ರ ಕೆಳಗೆ ಇದ್ದರೆ ಒಳ್ಳೇ ಪಿಚರ್. 2.34 ಅಂದರೆ ಆ ವರ್ಷಕ್ಕೆ ಎಲ್ಲರಿಗಿಂತ ಮೇಲೆ, ಪಾಮರನದು 2.51.

ಕಾಲ್ಗುಳಿ

ಮೂರನೇ_ಬೇಸ್ ಅವರೇ, ಕೈಯಿಂದ ಶುರು ಮಾಡಬೇಡಿ, ಎಸೆತದಿಂದ ಶುರು ಮಾಡಿ. ಫಿಡ್ರಿಚ್ ವೇಗದಿಂದ ಹೊಡೆದುರುಳಿಸೋ ಪಿಚರ್ ಆಗಿರಲಿಲ್ಲ. ಮುಖ್ಯ ಅಸ್ತ್ರ ಸಿಂಕರ್, ಅಂದರೆ ಬ್ಯಾಟ್ ಹತ್ತಿರ ಬಂದಾಗ ಕೆಳಗೆ ಜಾರೋ ವೇಗದ ಎಸೆತ, ಜೊತೆಗೆ ಪಕ್ಕಕ್ಕೆ ಸರಿಯೋ ಸ್ಲೈಡರ್. ಎಲ್ಲಾ ಮೊಣಕಾಲ ಮಟ್ಟದಲ್ಲಿ. ಬ್ಯಾಟರ್ ಚೆಂಡಿನ ತಲೆ ಮೇಲೆ ಹೊಡೀತಾನೆ, ಚೆಂಡು ನೆಲದ ಮೇಲೆ ಉರುಳುತ್ತೆ, ಇನ್‌ಫೀಲ್ಡರ್ ಎತ್ತಿ ಮೊದಲ ಬೇಸಿಗೆ ಎಸೀತಾನೆ.

ಅಂಕಿಯಲ್ಲೂ ಇದು ಕಾಣುತ್ತೆ. 250.1 ಇನ್ನಿಂಗ್ಸ್ ಅಂದರೆ 751 ಔಟ್. ಸ್ಟ್ರೈಕ್‌ಔಟ್ (ಫೀಲ್ಡರ್ ನೆರವಿಲ್ಲದೆ ಪಿಚರ್ ತಾನೇ ಬ್ಯಾಟರನ್ನು ತೆಗೆಯೋ ಔಟ್) ಬರೀ 97. ಉಳಿದ 654 ಔಟ್ ಬಂದದ್ದು ಬೇರೆಯವರ ಕೈಯಿಂದ. ನೂರಕ್ಕೆ 87! ಟೈಗರ್ಸ್ ಆ ವರ್ಷ 74 ಗೆದ್ದು 87 ಸೋತ ತಂಡ, ಆದರೆ ಮೂರನೇ ಬೇಸಿನಲ್ಲಿ ಔರೆಲಿಯೊ ರೊಡ್ರಿಗಸ್ ಇದ್ದ. ಬ್ರೂಕ್ಸ್ ರಾಬಿನ್ಸನ್ 16 ವರ್ಷ ಬಿಟ್ಟುಕೊಡದ, ಒಳ್ಳೇ ಫೀಲ್ಡಿಂಗಿಗೆ ಕೊಡೋ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು 1976ರಲ್ಲಿ ಕಿತ್ತುಕೊಂಡವನು ಇವನೇ. ಒಳ್ಳೇ ಔಟ್ ಮಾಡಿಕೊಟ್ಟ ಫೀಲ್ಡರ್ ಹತ್ತಿರ ಹೋಗಿ ಫಿಡ್ರಿಚ್ ಕೈ ಕುಲುಕ್ತಿದ್ದ. ಜನ ಅದನ್ನೂ ಹುಚ್ಚಾಟ ಅಂದರು. ನೂರಕ್ಕೆ 87 ಔಟ್ ಮಾಡಿಕೊಡೋರ ಕೈ ಕುಲುಕದೆ ಇನ್ನೇನು ಮಾಡ್ಬೇಕು?

ತುಳುನಾಡ_ಸ್ಪಿನ್

ಅಂದ್ರೆ ಅದೃಷ್ಟವೂ ಸ್ವಲ್ಪ ಇತ್ತು ಅಂತ ಆಯ್ತಲ್ಲ ಮಾರಾಯ್ರೆ. ಸ್ಟ್ರೈಕ್‌ಔಟ್ ಒಂಬತ್ತು ಇನ್ನಿಂಗ್ಸಿಗೆ ಮೂರೂವರೆ ಮಾತ್ರ. ಅಂಥ ಪಿಚರಿಗೆ 2.34 ಪ್ರತಿವರ್ಷ ಬರ್ತದಾ? ಭುಜ ಸರಿ ಇದ್ದಿದ್ರೂ 1977ರಲ್ಲಿ ಮೂರಕ್ಕೋ ಮೂರೂವರೆಗೋ ಹೋಗ್ತಿತ್ತು ಅಂತ ನನಗೆ ಕಾಣ್ತದೆ.

ಲೆಕ್ಕಪಕ್ಕಾ

@ತುಳುನಾಡ_ಸ್ಪಿನ್ ಭಾಗಶಃ ಒಪ್ಪುವೆ. ಬ್ಯಾಟಿಗೆ ತಗುಲಿದ ಚೆಂಡು ಎಲ್ಲಿ ಬೀಳುತ್ತೆ ಅನ್ನೋದರಲ್ಲಿ ಪಿಚರ್ ಕೈವಾಡ ಕಡಿಮೆ, ಅಲ್ಲಿ ಅದೃಷ್ಟ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತೆ. ಆದರೆ ಪಿಚರ್ ಕೈಯಲ್ಲೇ ಇರೋ ಮೂರು ಸಂಗತಿ ನೋಡಿ: ಸ್ಟ್ರೈಕ್‌ಔಟ್, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರಿಗೆ ಪುಕ್ಕಟೆ ಮೊದಲ ಬೇಸ್), ಹೋಮ್ ರನ್ (ನಮ್ಮ ಸಿಕ್ಸರಿನ ಹಾಗೆ). ಮೊದಲನೆಯದರಲ್ಲಿ ಅವನು ಸಾಧಾರಣ. ಉಳಿದೆರಡರಲ್ಲಿ ಜಿಪುಣ. ಇಡೀ ವರ್ಷಕ್ಕೆ ಹೋಮ್ ರನ್ 12, ವಾಕ್ 53.

ಇನ್ನು ವಾಕ್ ಲೆಕ್ಕವನ್ನೇ ವರ್ಷವಾರು ಹಾಕಿದರೆ ಈ ಎಳೆಯ ಅರ್ಧ ಉತ್ತರ ಸಿಗುತ್ತೆ. ಒಂಬತ್ತು ಇನ್ನಿಂಗ್ಸಿಗೆ ವಾಕ್: 1976ರಲ್ಲಿ 1.9. 1977ರಲ್ಲಿ 1.3. 1978ರಲ್ಲಿ 2.0. 1979ರಲ್ಲಿ 5.5. 1980ರಲ್ಲಿ 4.1.

1977ರಲ್ಲಿ ಹಿಡಿತ ಇನ್ನೂ ಬಿಗಿಯಾಗಿದೆ, ಸ್ಟ್ರೈಕ್‌ಔಟ್ ಕೂಡ 3.5ರಿಂದ 4.7ಕ್ಕೆ ಏರಿದೆ. 250 ಇನ್ನಿಂಗ್ಸ್ ಕೈಯನ್ನು ಮೊದಲೇ ತಿಂದು ಹಾಕಿದ್ದರೆ ಹೀಗಾಗ್ತಿತ್ತಾ?

ಕೀಲುಸಂದು

ಭುಜದ ವಿಷಯಕ್ಕೆ ಬಂದೆ. ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

1977 ಮಾರ್ಚ್: ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಸೀಸನ್ ಪೂರ್ವ ತರಬೇತಿ. ಔಟ್‌ಫೀಲ್ಡಿನಲ್ಲಿ ಚೆಂಡು ಹಿಡಿಯುತ್ತ ಕುಣಿದಾಡುವಾಗ ಎಡ ಮೊಣಕಾಲಿನ ಮೃದ್ವಸ್ಥಿ ಹರಿಯಿತು. ತಿಂಗಳ ಕೊನೆಗೆ ಶಸ್ತ್ರಚಿಕಿತ್ಸೆ.
ಮೇ 27: ಮತ್ತೆ ಮೌಂಡ್ (ಪಿಚರ್ ನಿಂತು ಎಸೆಯೋ ಮಣ್ಣಿನ ದಿಬ್ಬ) ಮೇಲೆ. ಸುಮಾರು ಎಂಟು ವಾರ.
ಜುಲೈ 4: ಬಾಲ್ಟಿಮೋರ್ ವಿರುದ್ಧ ಆಡುವಾಗ ಕೈ "ಸತ್ತ" ಹಾಗಾಯಿತು. ನೋವಿಗಿಂತ ಹೆಚ್ಚಾಗಿ ಶಕ್ತಿಯೇ ಇಲ್ಲದಂತೆ.
ಜುಲೈ ಮಧ್ಯದ ಹೊತ್ತಿಗೆ ಆ ವರ್ಷದ ಆಟ ಮುಗಿಯಿತು.

ಈಗ ಎಡ ಮೊಣಕಾಲು ಯಾಕೆ ಮುಖ್ಯ ನೋಡಿ. ಅವನು ಬಲಗೈ ಪಿಚರ್. ಎಡಗಾಲು ಮುಂದೆ ಹೋಗಿ ಊರುವ ಕಾಲು. ದೇಹ ಮುಂದಕ್ಕೆ ನುಗ್ಗುತ್ತಿರುವಾಗ ಆ ಕಾಲು ಗೂಟದಂತೆ ನಿಂತು ತಡೆಯಬೇಕು. ತಡೆದಾಗ ಸೊಂಟ ನಿಲ್ಲುತ್ತೆ, ಎದೆ ತಿರುಗುತ್ತೆ, ಕೊನೆಗೆ ಕೈ ಚಾಟಿಯ ತುದಿಯ ಹಾಗೆ ಹಾರುತ್ತೆ. ವೇಗದ ಬೌಲರಿಗೆ ಕೋಚ್ "ಮುಂಗಾಲು ಮಡಿಸಬೇಡ" ಅನ್ನೋದು ಇದಕ್ಕೇ. ಮೊಣಕಾಲು ನೋಯ್ತಿದ್ದರೆ ಆಟಗಾರ ಗೊತ್ತಿಲ್ಲದೆಯೇ ಅದನ್ನು ಮೆತ್ತಗೆ ಊರುತ್ತಾನೆ, ಬೇಗ ಮಡಿಸುತ್ತಾನೆ. ಕೆಳಗಿನಿಂದ ಬರಬೇಕಾದ ಬಲ ಬರಲ್ಲ. ಆ ಕೊರತೆಯನ್ನು ಭುಜ ತುಂಬುತ್ತೆ.

ಭುಜದ ರೊಟೇಟರ್ ಕಫ್ ಅಂದರೆ ನಾಲ್ಕು ಸಣ್ಣ ಸ್ನಾಯುಗಳ ಗುಂಪು. ತೋಳಿನ ಮೂಳೆಯ ಗುಂಡನ್ನು ಅದರ ಆಳವಿಲ್ಲದ ಬಟ್ಟಲಿನಲ್ಲಿ ಹಿಡಿದಿಡೋದು ಅವುಗಳ ಕೆಲಸ. ಪಿಚ್ ಮಾಡುವಾಗ ತೋಳು ಒಳಗೆ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿ ಆಸುಪಾಸು. ಚೆಂಡು ಕೈಬಿಟ್ಟ ಮೇಲೆ ಆ ತೋಳನ್ನು ನಿಲ್ಲಿಸುವ ಬ್ರೇಕ್ ಈ ಸಣ್ಣ ಸ್ನಾಯುಗಳೇ, ಅದರಲ್ಲೂ ಹಿಂಭಾಗದವು. ಎಸೆಯುವಾಗ ಅಲ್ಲ, ನಿಲ್ಲಿಸುವಾಗ ಹರಿಯೋದೇ ಹೆಚ್ಚು.

ಮೂರನೇ_ಬೇಸ್

ಇದಕ್ಕೆ ಹಳೇ ಉದಾಹರಣೆ ಡಿಜಿ ಡೀನ್. 1937ರ ಆಲ್-ಸ್ಟಾರ್ ಪಂದ್ಯದಲ್ಲಿ ಅರ್ಲ್ ಅವೆರಿಲ್ ಹೊಡೆದ ಚೆಂಡು ಕಾಲಿಗೆ ಬಡಿದು ಹೆಬ್ಬೆರಳು ಮುರೀತು. ಪೂರ್ತಿ ವಾಸಿಯಾಗುವ ಮುಂಚೆ ಆಡೋಕೆ ಬಂದ. ಬೆರಳಿಗೆ ಭಾರ ಬೀಳದಂತೆ ಎಸೆಯೋ ಭಂಗಿ ಬದಲಾಯಿತು, ಕೈ ಹೋಯಿತು. 1934ರಲ್ಲಿ 30 ಪಂದ್ಯ ಗೆದ್ದಿದ್ದ ಪಿಚರ್! ಫಿಡ್ರಿಚ್ ಆಡೋ ಹೊತ್ತಿಗೆ ಈ ಪಾಠಕ್ಕೆ 40 ವರ್ಷ ಆಗಿತ್ತು. ಕ್ಲಬ್ಬುಗಳಿಗೆ ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ.

ಎಡಗೈ_ವಾದಿ

ಎಲ್ಲರೂ ಮೊಣಕಾಲಿಗೆ ಓಟು ಹಾಕ್ತಿದ್ದೀರಿ. ನಾನು ಎದುರು ಪಾರ್ಟಿ.

1976ರಲ್ಲಿ ಅವನು 29 ಪಂದ್ಯ ಆರಂಭಿಸಿ 24ನ್ನು ತಾನೇ ಮುಗಿಸಿದ. ಅಮೆರಿಕನ್ ಲೀಗಿನಲ್ಲಿ ಅದೇ ಅತಿ ಹೆಚ್ಚು. ಏಪ್ರಿಲಿನಲ್ಲಿ ಕೂರಿಸಿ, ಮೇ 15ಕ್ಕೆ ಮೊದಲ ಆರಂಭ ಕೊಟ್ಟು, ಅಲ್ಲಿಂದ ಸೀಸನ್ ಮುಗಿಯೋವರೆಗೆ ಹೆಚ್ಚೂಕಮ್ಮಿ ಐದು ದಿನಕ್ಕೊಂದರಂತೆ ಆಡಿಸಿದರು. ಮೇ 31ಕ್ಕೆ ಮಿಲ್ವಾಕಿ ವಿರುದ್ಧ 11 ಇನ್ನಿಂಗ್ಸ್. ಅದಾಗಿ ಐದೇ ದಿನಕ್ಕೆ, ಜೂನ್ 5ಕ್ಕೆ ಟೆಕ್ಸಸ್ ವಿರುದ್ಧ ಮತ್ತೆ 11. 21 ವರ್ಷದ ಹುಡುಗ! ಈಗ ಯಾವ ಮ್ಯಾನೇಜರ್ ಹೀಗೆ ಮಾಡಿದರೂ ಸಂಜೆಯೊಳಗೆ ಕೆಲಸ ಹೋಗುತ್ತೆ.

ಸ್ಟೇಡಿಯಂ ತುಂಬೋ ಆಸೆಯೂ ಇತ್ತು ಅನ್ನೋದನ್ನ ಮರೀಬೇಡಿ. ಜೂನ್ 28ರಂದು ದೇಶವೆಲ್ಲ ಟಿವಿಯಲ್ಲಿ ನೋಡ್ತಿದ್ದಾಗ ಯಾಂಕೀಸನ್ನು 5–1ರಿಂದ ಸೋಲಿಸಿದ ಪಂದ್ಯಕ್ಕೆ 47,855 ಜನ. ಆ ವರ್ಷ ತವರಿನಲ್ಲಿ ಅವನು ಆರಂಭಿಸಿದ 18 ಪಂದ್ಯಕ್ಕೆ ಬಂದವರು 6,05,677. ಇಡೀ ವರ್ಷ ಟೈಗರ್ ಸ್ಟೇಡಿಯಂಗೆ ಬಂದವರು 14,67,020. ನೂರರಲ್ಲಿ 41 ಪ್ರೇಕ್ಷಕರು ಒಬ್ಬ ಹುಡುಗನಿಗಾಗಿ ಬಂದರು, ಅವನಿಗೆ ಸಿಕ್ಕಿದ್ದು ಕನಿಷ್ಠ ಸಂಬಳ. ಅಂಥವನಿಗೆ ರಜೆ ಕೊಡೋಕೆ ಯಾರಿಗೆ ಮನಸ್ಸು ಬರುತ್ತೆ?

ಲೆಕ್ಕಪಕ್ಕಾ

@ಎಡಗೈ_ವಾದಿ ಇವತ್ತಿನ ಅಳತೆಗೋಲಿನಿಂದ ಅಳೆಯೋದೇ ತೊಂದರೆ. 2022ರಲ್ಲಿ ಸ್ಯಾಂಡಿ ಅಲ್ಕಾಂತರಾ 6 ಪಂದ್ಯ ಪೂರ್ತಿ ಮುಗಿಸಿದ್ದಕ್ಕೇ ಅದ್ಭುತ ಅಂದರು. (ಮುಂದಿನ ವರ್ಷ ಅವನ ಮೊಣಕೈಗೂ ಶಸ್ತ್ರಚಿಕಿತ್ಸೆ ಆಯ್ತು, ಅದು ಬೇರೆ.) 1976ರಲ್ಲಿ ಪಾಮರ್ 23 ಪಂದ್ಯ ಮುಗಿಸಿ 315 ಇನ್ನಿಂಗ್ಸ್ ಹಾಕಿದ. ಇದೇ ಟೈಗರ್ಸ್‌ನ ಮಿಕ್ಕಿ ಲೋಲಿಚ್ 1971ರಲ್ಲಿ 376 ಇನ್ನಿಂಗ್ಸ್! ಅವರ ಪಕ್ಕದಲ್ಲಿ 250 ದೊಡ್ಡದೇನಲ್ಲ.

ಇನ್ನೊಂದು. ಹೊರೆ ಅಂದರೆ ಇನ್ನಿಂಗ್ಸ್ ಅಲ್ಲ, ಎಸೆತ. ಕಡಿಮೆ ವಾಕ್, ಕಡಿಮೆ ಸ್ಟ್ರೈಕ್‌ಔಟ್ ಇರೋ ಪಿಚರ್ ಒಬ್ಬೊಬ್ಬ ಬ್ಯಾಟರಿಗೆ ಎರಡು ಮೂರು ಎಸೆತದಲ್ಲಿ ಮುಗಿಸ್ತಾನೆ. ಸ್ಟ್ರೈಕ್‌ಔಟಿಗೆ ಕನಿಷ್ಠ ಮೂರು ಬೇಕು, ಸಾಮಾನ್ಯವಾಗಿ ಐದಾಗುತ್ತೆ. ವಾಕಿಗೆ ಆಗ ಕನಿಷ್ಠ ನಾಲ್ಕು. ಆ ಯಾಂಕೀಸ್ ಪಂದ್ಯ ಮುಗಿದದ್ದು 1 ಗಂಟೆ 51 ನಿಮಿಷದಲ್ಲಿ. ಎಸೆತ ಲೆಕ್ಕವಿಲ್ಲದಷ್ಟು ಆಗಿದ್ದರೆ ಅಷ್ಟು ಬೇಗ ಮುಗಿಯೋದಿಲ್ಲ.

ಎಡಗೈ_ವಾದಿ

ಪಾಮರನಿಗೆ ಆಗ 30, ಲೋಲಿಚನಿಗೆ 1971ರಲ್ಲಿ 30. ನಾನು ಹೇಳ್ತಿರೋದು 21, 22ರ ದೇಹದ ಮಾತು. 25 ವರ್ಷದೊಳಗಿನ ಪಿಚರಿಗೆ ಹಿಂದಿನ ವರ್ಷಕ್ಕಿಂತ 30 ಇನ್ನಿಂಗ್ಸ್‌ಗಿಂತ ಹೆಚ್ಚು ಹಾಕಿಸಬಾರದು ಅಂತ ಒಂದು ಲೆಕ್ಕವೇ ಬಂತಲ್ಲ ಆಮೇಲೆ.

ಲೆಕ್ಕಪಕ್ಕಾ

ಬಂತು, ಹೋಯ್ತು. ಪರೀಕ್ಷಿಸಿ ನೋಡಿದವರಿಗೆ ಆ 30ರ ಗೆರೆ ನಿಲ್ಲಲಿಲ್ಲ. ಹೆಚ್ಚು ಇನ್ನಿಂಗ್ಸ್ ಹಾಕೋರು ಸಹಜವಾಗಿಯೇ ಆ ವರ್ಷ ಗಾಯವಿಲ್ಲದೆ ಉಳಿದವರು. ಮುಂದಿನ ವರ್ಷ ಅವರಲ್ಲಿ ಕೆಲವರಿಗೆ ಗಾಯ ಆಗೇ ಆಗುತ್ತೆ. ಹಾಗಂತ ವಯಸ್ಸಿನ ಮಾತು ಸುಳ್ಳಲ್ಲ, ಅಷ್ಟು ಒಪ್ಪಿದೆ.

ಕೀಲುಸಂದು

ನಿಮ್ಮಿಬ್ಬರ ಜಗಳದಲ್ಲಿ 1977ರ ಒಂದು ಸಾಲು ಕಳೆದುಹೋಯ್ತು. ಮೇ 27ರಿಂದ ಜುಲೈ ಮಧ್ಯದವರೆಗೆ 11 ಆರಂಭ. ಅದರಲ್ಲಿ 7 ಪೂರ್ತಿ ಪಂದ್ಯ, ಒಟ್ಟು 81 ಇನ್ನಿಂಗ್ಸ್. ಮೊಣಕಾಲು ಕೊಯ್ದು ಎಂಟು ವಾರಕ್ಕೆ ಬಂದ ಪಿಚರನ್ನು ಮೊದಲ ಏಳು ವಾರದಲ್ಲಿ ಏಳು ಸಲ ಒಂಬತ್ತನೇ ಇನ್ನಿಂಗ್ಸಿನ ಕೊನೆವರೆಗೆ ನಿಲ್ಲಿಸಿದ್ದಾರೆ! ನನ್ನ ಕೇಳಿದರೆ ತಪ್ಪು 1976ರದ್ದಲ್ಲ, ಬರೀ ಮಾರ್ಚ್‌ನದ್ದೂ ಅಲ್ಲ. ಈ ಏಳು ವಾರದ್ದು.

1977ರ ಮೊಣಕಾಲು ಶಸ್ತ್ರಚಿಕಿತ್ಸೆ ಅಂದರೆ ಕೀಲು ತೆರೆದು ಹರಿದ ಮೃದ್ವಸ್ಥಿ ತೆಗೆಯೋದು. ಈಗಿನ ಹಾಗೆ ಎರಡು ಸಣ್ಣ ತೂತಿನ ಕೆಲಸ ಅಲ್ಲ. ಅದಾದ ಮೇಲೆ ಮೊದಲು ಸೊರಗೋದು ತೊಡೆಯ ಮುಂಭಾಗದ ಸ್ನಾಯು. ನಡೆಯೋಕೆ, ಓಡೋಕೆ ಅದು ಬೇಗ ಸಾಕಾಗುತ್ತೆ. ಆದರೆ ಪಿಚ್ ಮಾಡಿ ಊರುವಾಗ ದೇಹದ ಭಾರಕ್ಕಿಂತ ಹೆಚ್ಚು ಬಲ ಆ ಒಂದೇ ಕಾಲಿನ ಮೇಲೆ ಬೀಳುತ್ತೆ. "ನೋವಿಲ್ಲ, ಓಡ್ತಾನೆ, ಆಡಿಸಿ" ಅನ್ನೋ ಪರೀಕ್ಷೆಯಲ್ಲಿ ಆ ಕೊರತೆ ಕಾಣಲ್ಲ. ಇವತ್ತಾದರೆ ಎರಡೂ ತೊಡೆಯ ಬಲ ಯಂತ್ರದಲ್ಲಿ ಅಳೆದು ಹೋಲಿಸ್ತಾರೆ. ಸಪಾಟು ನೆಲದಲ್ಲಿ ಹತ್ತಿರದ ಎಸೆತದಿಂದ ಶುರು ಮಾಡಿ ವಾರವಾರಕ್ಕೆ ದೂರ ಹೆಚ್ಚಿಸ್ತಾರೆ, ಆಮೇಲೆ ಮೌಂಡ್, ಆಮೇಲೆ ಎದುರಿಗೆ ಬ್ಯಾಟರ್, ಕೊನೆಗೆ ಕಿರಿಯ ಲೀಗಿನಲ್ಲಿ ಎರಡು ಮೂರು ಇನ್ನಿಂಗ್ಸ್.

ಕಾಲ್ಗುಳಿ

ಮೌಂಡ್ ಮಾತು ಬಂತಲ್ಲ, ಅವನ "ಹುಚ್ಚಾಟ"ದಲ್ಲಿ ಅತಿ ಪ್ರಸಿದ್ಧವಾದದ್ದನ್ನು ಇಲ್ಲೇ ಬಿಚ್ಚಿಡ್ತೀನಿ. ಪ್ರತಿ ಇನ್ನಿಂಗ್ಸಿಗೆ ಮುಂಚೆ ಮಂಡಿಯೂರಿ ಕೈಯಿಂದ ಮಣ್ಣು ಸವರಿ ಸಮ ಮಾಡ್ತಿದ್ದ. ಜನ ನಗ್ತಿದ್ರು. ಇದರಲ್ಲಿ ನಗೋದೇನೂ ಇಲ್ಲ.

1969ರಿಂದ ಮೌಂಡ್ ಎತ್ತರ 10 ಇಂಚು (ಅದಕ್ಕೆ ಮುಂಚೆ 15). ಅಗಲ 18 ಅಡಿಯ ವೃತ್ತ. ಮೇಲೆ 24 ಇಂಚು ಉದ್ದ 6 ಇಂಚು ಅಗಲದ ರಬ್ಬರ್ ಪಟ್ಟಿ. ಅದರ ಮುಂದೆ 6 ಇಂಚು ಬಿಟ್ಟು ಅಡಿಗೊಂದು ಇಂಚಿನ ಲೆಕ್ಕದಲ್ಲಿ ಇಳಿಜಾರು. ಪಿಚರ್ ತನ್ನ ಎತ್ತರದ ನೂರಕ್ಕೆ 80ರಿಂದ 90ರಷ್ಟು ಉದ್ದ ಹೆಜ್ಜೆ ಇಡ್ತಾನೆ. ಫಿಡ್ರಿಚ್ 6 ಅಡಿ 3 ಇಂಚು. ಅಂದರೆ ಅವನ ಎಡಗಾಲು ಬೀಳೋದು ಸುಮಾರು ಐದರಿಂದ ಐದೂವರೆ ಅಡಿ ಕೆಳಗೆ, ಇಳಿಜಾರಿನ ಕೊನೆ ಭಾಗದಲ್ಲಿ. ಎದುರಾಳಿ ಪಿಚರೂ ಅದೇ ಮೌಂಡ್ ಬಳಸ್ತಾನೆ, ಅವನ ಕಾಲು ಬೇರೆ ಕಡೆ ಗುಳಿ ತೋಡುತ್ತೆ. ನಾಲ್ಕೈದು ಇನ್ನಿಂಗ್ಸ್ ಕಳೆದ ಮೇಲೆ ತನ್ನ ಕಾಲು ಆ ಗುಳಿಯ ಅಂಚಿಗೆ ಬಿದ್ದರೆ ಪಾದ ಹೊರಳುತ್ತೆ, ಮೊಣಕಾಲು ತಿರುಚುತ್ತೆ. ಅದೂ ಆಗದಿದ್ದರೆ ಅರ್ಧ ಇಂಚು ತಗ್ಗಿಗೆ ಬಿದ್ದ ಕಾಲಿನಿಂದ ಚೆಂಡು ಬಿಡೋ ಜಾಗ ಬದಲಾಗಿ ಸಿಂಕರ್ ಮೇಲೆ ನಿಲ್ಲುತ್ತೆ. ನಮ್ಮಲ್ಲಿ ಬೌಲರ್ ಊರೋ ಜಾಗದ ಗುಳಿಗೆ ಮರದ ಹೊಟ್ಟು ತರಿಸಿ ಸುರಿಯಲ್ವಾ? ಅದೇ ಕೆಲಸ. ಅವನು ಯಾರನ್ನೂ ಕಾಯದೆ ತಾನೇ ಮಾಡಿಕೊಂಡ.

ಚೆಂಡಿನ ಜೊತೆ ಮಾತಾಡ್ತಿದ್ದ ಅನ್ನೋದಕ್ಕೂ ಅವನೇ ಉತ್ತರ ಕೊಟ್ಟಿದ್ದ: ಮಾತು ಚೆಂಡಿಗಲ್ಲ, ತನಗೇ. ಕೆಳಗೆ ಹಾಕು, ಕೈ ಹೀಗೆ ಬರಲಿ ಅಂತ. ಹಿಟ್ ಹೊಡೆಸಿಕೊಂಡ ಚೆಂಡನ್ನು ಅಂಪೈರಿಗೆ ವಾಪಸ್ ಕೊಟ್ಟು ಬೇರೆ ಕೇಳ್ತಿದ್ದನಲ್ಲ, ಅದು ಮಾತ್ರ ಮೂಢನಂಬಿಕೆ. ಅದಕ್ಕೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ.

ಹೊಸಬ_77

"ಬರ್ಡ್" ಅನ್ನೋ ಅಡ್ಡಹೆಸರು ಯಾಕೆ?

ಮೂರನೇ_ಬೇಸ್

ಮಕ್ಕಳ ಟಿವಿ ಕಾರ್ಯಕ್ರಮದ ಬಿಗ್ ಬರ್ಡ್ ಅನ್ನೋ ಹಳದಿ ಹಕ್ಕಿಯ ಹಾಗೆ ಉದ್ದ ಕಾಲು, ಕೆದರಿದ ಗುಂಗುರು ಕೂದಲು. ಕಿರಿಯ ಲೀಗಿನಲ್ಲಿದ್ದಾಗಲೇ ಒಬ್ಬ ಕೋಚ್ ಇಟ್ಟ ಹೆಸರು.

ತುಳುನಾಡ_ಸ್ಪಿನ್

ನಮ್ಮ ಕಡೆ ಇದಕ್ಕೆ ಸರಿಯಾದ ಹೋಲಿಕೆ ಜಾವಗಲ್ ಶ್ರೀನಾಥ್ ಅಲ್ವಾ? 1997ರಲ್ಲಿ ಅವರಿಗೂ ರೊಟೇಟರ್ ಕಫ್. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆ ಆಯ್ತು, ವರ್ಷದ ಕೊನೆಗೆ ಶ್ರೀಲಂಕಾ ವಿರುದ್ಧ ವಾಪಸ್ ಬಂದ್ರು. 2003ರ ವಿಶ್ವಕಪ್ ಫೈನಲ್‌ವರೆಗೆ ಆಡಿದ್ರು, ಟೆಸ್ಟಿನಲ್ಲಿ 236 ವಿಕೆಟ್. ಒಂದೇ ಜಾಗದ ಗಾಯ, ಒಬ್ಬರಿಗೆ ಆರು ವರ್ಷ ಸಿಕ್ಕಿತು, ಇನ್ನೊಬ್ಬನಿಗೆ ಏನೂ ಸಿಗಲಿಲ್ಲ. ಯಾಕೆ?

ಕೀಲುಸಂದು

ಒಳ್ಳೇ ಪ್ರಶ್ನೆ. ಮುಖ್ಯ ಕಾರಣ 20 ವರ್ಷದ ಅಂತರ. ಶ್ರೀನಾಥ್ ಗಾಯ ಆದ ವರ್ಷವೇ ಅದು ಏನು ಅಂತ ಗೊತ್ತಾಯ್ತು, ಆ ವರ್ಷವೇ ಚಿಕಿತ್ಸೆಯೂ ಆಯ್ತು. ಫಿಡ್ರಿಚ್ ಭುಜದಲ್ಲಿ ರೊಟೇಟರ್ ಕಫ್ ಹರಿದಿದೆ ಅಂತ ಡಾ. ಜೇಮ್ಸ್ ಆಂಡ್ರ್ಯೂಸ್ ಪತ್ತೆ ಮಾಡಿದ್ದು 1985ರಲ್ಲಿ. ಕೈ ಸತ್ತದ್ದು 1977ರಲ್ಲಿ. ಎಂಟು ವರ್ಷ! ಅವನು ಆಟ ಬಿಟ್ಟೇ ಎರಡು ವರ್ಷ ಆಗಿತ್ತು.

ನಡುವೆ ವೈದ್ಯರಿಗೆ ತೋರಿಸದೆ ಇರಲಿಲ್ಲ. ಆದರೆ ಸಾದಾ ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತೆ, ಸ್ನಾಯುರಜ್ಜು ಕಾಣಲ್ಲ. ಕೀಲಿಗೆ ದ್ರವ ತುಂಬಿಸಿ ತೆಗೆಯೋ ಎಕ್ಸ್-ರೇ ಆಗಲೂ ಇತ್ತು. ರಜ್ಜು ಆರಪಾರ ಹರಿದಿದ್ದರೆ ದ್ರವ ಸೋರಿ ಗೊತ್ತಾಗುತ್ತೆ. ಅರ್ಧ ಹರಿದದ್ದು ಕಣ್ಣು ತಪ್ಪಿಸುತ್ತೆ. ಎಂಆರ್‌ಐ ಬಳಕೆಗೆ ಬಂದದ್ದು, ಭುಜದೊಳಗೆ ಕ್ಯಾಮರಾ ತೂರಿಸಿ ನೋಡೋದು ರೂಢಿಯಾದದ್ದು 1980ರ ದಶಕದಲ್ಲಿ. ಅಲ್ಲಿವರೆಗೆ "ಟೆಂಡಿನೈಟಿಸ್ (ಸ್ನಾಯುರಜ್ಜಿನ ಊತ), ವಿಶ್ರಾಂತಿ ತಗೋ" ಅನ್ನೋದೇ ಮದ್ದು. ವಿಶ್ರಾಂತಿಯಿಂದ ಊತ ಇಳಿಯುತ್ತೆ, ಹರಿದದ್ದು ಕೂಡಿಕೊಳ್ಳಲ್ಲ. ಅದಕ್ಕೇ 1978ರಲ್ಲಿ ಆ ಮೋಸದ ಚೇತರಿಕೆ: ಚಳಿಗಾಲವೆಲ್ಲ ವಿಶ್ರಾಂತಿ, ಮೊದಲ ಎರಡು ಪಂದ್ಯ ಪೂರ್ತಿ ಮುಗಿಸಿ ಗೆಲುವು, ಮೂರನೆಯದರಲ್ಲಿ ನಾಲ್ಕು ಇನ್ನಿಂಗ್ಸಿಗೆ ಹೊರಗೆ. ಆ ವರ್ಷ ಮತ್ತೆ ಆಡಲಿಲ್ಲ.

ಹಾಗಂತ ಕ್ರಿಕೆಟ್ ಮತ್ತು ಪಿಚಿಂಗನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಬೌಲರ್ ಓಡಿಬಂದ ವೇಗವನ್ನು ಚೆಂಡಿಗೆ ದಾಟಿಸ್ತಾನೆ, ಮೊಣಕೈ ಹೆಚ್ಚು ನೀಳವಾಗಿಸೋ ಹಾಗಿಲ್ಲ; ಅವನ ಹೊರೆ ಬೆನ್ನು, ಕಣಕಾಲಿಗೆ ಹೆಚ್ಚು. ಪಿಚರ್ ನಿಂತಲ್ಲಿಂದಲೇ ಎಸೀಬೇಕು, ಮೊಣಕೈ ಮಡಿಸಿ ತೋಳನ್ನು ಹಿಂದಕ್ಕೆ ತಿರುಚಿ ಬಿಡ್ತಾನೆ. ಅವನದು ಭುಜ, ಮೊಣಕೈ. ಬೌಲರ್ ಭುಜ ಸ್ವಲ್ಪ ಕೆಟ್ಟರೂ ಲೈನ್-ಲೆಂಗ್ತ್ ಹಿಡಿದು ಬದುಕಬಹುದು. ಸಿಂಕರ್ ಪಿಚರಿಗೆ ಕೈ ಎರಡು ಇಂಚು ಕೆಳಗಿಳಿದರೆ ಚೆಂಡು ಜಾರೋದೇ ನಿಲ್ಲುತ್ತೆ. 1979, 1980ರ ವಾಕ್ ಲೆಕ್ಕ ಮೇಲೆ ಇದೆಯಲ್ಲ, ಅದೇ ಇದು.

ಎಡಗೈ_ವಾದಿ

ಸರಿ, ಅರ್ಧ ಸೋತೆ. ಆದ್ರೆ "ಏಳು ವಾರದ ತಪ್ಪು" ಅಂದ್ರೂ ಅದು ಹೊರೆಯ ತಪ್ಪೇ, ನನ್ನ ಪಾರ್ಟಿಗೇ ಬಂತು.

ಕೀಲುಸಂದು

ಬರಲಿ ಬಿಡಿ, ಜಾಗ ಇದೆ.

ಮೂರನೇ_ಬೇಸ್

ಇನ್ನೂ ಚಿಕ್ಕ ವೃತ್ತಿಜೀವನದ ಒಬ್ಬನನ್ನು ಇಲ್ಲಿ ಸೇರಿಸ್ತೀನಿ, ಯಾಕಂದ್ರೆ ಅಲ್ಲಿ ಕಾರಣ ಪೂರ್ತಿ ಬೇರೆ. ಕಾರ್ಲ್ ಸ್ಪೂನರ್, ಬ್ರೂಕ್ಲಿನ್ ಡಾಜರ್ಸ್, ಎಡಗೈ. 1954 ಸೆಪ್ಟೆಂಬರ್ 22ಕ್ಕೆ ಮೊದಲ ಪಂದ್ಯ: ಜೈಂಟ್ಸ್ ವಿರುದ್ಧ 15 ಸ್ಟ್ರೈಕ್‌ಔಟ್, ಒಂದು ರನ್ನೂ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಪಿಟ್ಸ್‌ಬರ್ಗ್ ವಿರುದ್ಧ 12 ಸ್ಟ್ರೈಕ್‌ಔಟ್, ಅಲ್ಲೂ ಸೊನ್ನೆ. ಎರಡು ಪಂದ್ಯ, 18 ಇನ್ನಿಂಗ್ಸ್, 27 ಸ್ಟ್ರೈಕ್‌ಔಟ್, ರನ್ ಇಲ್ಲ.

1955ರ ಸೀಸನ್ ಪೂರ್ವ ಪಂದ್ಯವೊಂದರಲ್ಲಿ ಅವನಿಗಿಂತ ಮುಂಚೆ ಆಡುತ್ತಿದ್ದ ಪಿಚರ್ ಬೇಗ ಹೊರಬಂದ. ಸ್ಪೂನರ್ ಮೈ ಬಿಸಿ ಮಾಡಿಕೊಳ್ಳೋದಕ್ಕೂ ಪುರುಸೊತ್ತಿಲ್ಲದೆ ಹೋಗಿ ಜೋರಾಗಿ ಎಸೆದ, ಭುಜ ಹಿಡೀತು. ಆ ವರ್ಷ ಹೇಗೋ ಎಳೆದ: 8 ಗೆಲುವು, 6 ಸೋಲು, 3.65. ವರ್ಲ್ಡ್ ಸೀರೀಸ್ (ವರ್ಷದ ಕೊನೆಯ ಫೈನಲ್ ಸರಣಿ) ಆರನೇ ಪಂದ್ಯ ಆರಂಭಿಸಿ ಒಂದೇ ಔಟ್ ತೆಗೆದು ಐದು ರನ್ ಕೊಟ್ಟ. ಮತ್ತೆ ಮೇಜರ್ ಲೀಗಿನಲ್ಲಿ ಆಡಲೇ ಇಲ್ಲ. ಫಿಡ್ರಿಚ್ ವಿಷಯದಲ್ಲಿ ನಾವು ವಾರಗಟ್ಟಲೆ ಲೆಕ್ಕ ಹಾಕ್ತಿದ್ದೀವಿ, ಇಲ್ಲಿ ಹತ್ತು ನಿಮಿಷದ ವಾರ್ಮ್‌ಅಪ್.

ತುಳುನಾಡ_ಸ್ಪಿನ್

ಅದಕ್ಕಿಂತ ಚಿಕ್ಕದು ಲ್ಯಾರಿ ಯೌಂಟ್‌ನದ್ದು. 1971 ಸೆಪ್ಟೆಂಬರ್ 15, ಹ್ಯೂಸ್ಟನ್. ಒಂಬತ್ತನೇ ಇನ್ನಿಂಗ್ಸಿಗೆ ಅವನ ಹೆಸರು ಘೋಷಿಸಿದ್ರು, ಮೌಂಡಿಗೆ ಹೋಗಿ ಅಭ್ಯಾಸದ ಎಸೆತ ಹಾಕುವಾಗಲೇ ಮೊಣಕೈ ನೋವು, ವಾಪಸ್. ಹೆಸರು ಘೋಷಣೆ ಆದ ಕಾರಣ ದಾಖಲೆಯಲ್ಲಿ "1 ಪಂದ್ಯ" ಉಂಟು. ಎಸೆತ ಸೊನ್ನೆ. ಮತ್ತೆ ಅವಕಾಶ ಬರ್ಲಿಲ್ಲ. ತಮ್ಮ ರಾಬಿನ್ ಯೌಂಟ್ 3,142 ಹಿಟ್ ಹೊಡೆದು ಹಾಲ್ ಆಫ್ ಫೇಮಿಗೆ ಹೋದ.

ಹೊಸಬ_77

ಇಂಥವರಿಗೆ ಪಿಂಚಣಿ ಏನಾದ್ರೂ ಸಿಗುತ್ತಾ?

ಲೆಕ್ಕಪಕ್ಕಾ

ವರ್ಷದ ಮೇಲೆ ಹೋಗುತ್ತೆ. ಮೇಜರ್ ಲೀಗಿನಲ್ಲಿ 172 ದಿನ ತಂಡದ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ. ಗಾಯಾಳುಗಳ ಪಟ್ಟಿಯಲ್ಲಿ ಕಳೆದ ದಿನವೂ ಲೆಕ್ಕಕ್ಕೆ ಬರುತ್ತೆ, ಇದು ಫಿಡ್ರಿಚ್‌ನಂಥವರಿಗೆ ದೊಡ್ಡ ವಿಷಯ. 1980ರ ಒಪ್ಪಂದದಿಂದ ಈಚೆಗೆ 43 ದಿನ ಇದ್ದರೆ ಪಿಂಚಣಿ ಶುರು, ಒಂದು ದಿನ ಇದ್ದರೂ ಆರೋಗ್ಯ ವಿಮೆಗೆ ಅರ್ಹತೆ. ಅದಕ್ಕೆ ಮುಂಚೆ ಆಡಿದವರಿಗೆ ನಾಲ್ಕು ವರ್ಷ ಬೇಕಿತ್ತು. ಒಪ್ಪಂದ ಹಿಂದಿನವರಿಗೆ ಅನ್ವಯ ಆಗಲಿಲ್ಲ. ಬಿಟ್ಟುಹೋದವರಿಗೆ 2011ರಲ್ಲಿ ಪ್ರತಿ 43 ದಿನದ ಸೇವೆಗೆ ವರ್ಷಕ್ಕೆ 625 ಡಾಲರ್, ಹೆಚ್ಚೆಂದರೆ 10,000 ಅಂತ ಮಾಡಿದರು. ನಿಜವಾದ ಪಿಂಚಣಿಯ ಮುಂದೆ ಅದು ಚಿಲ್ಲರೆ.

ಕಾಲ್ಗುಳಿ

ಫಿಡ್ರಿಚ್ ಕೊನೆ ಭಾಗ ಯಾರೂ ಬರೆದಿಲ್ಲ, ನಾನೇ ಬರೀತೀನಿ. ಕೊನೆಯ ಮೇಜರ್ ಲೀಗ್ ಪಂದ್ಯ 1980 ಅಕ್ಟೋಬರ್ 1, ಟೊರಾಂಟೊದಲ್ಲಿ. ಐದು ಇನ್ನಿಂಗ್ಸ್, ಟೈಗರ್ಸ್ 11–7ರಿಂದ ಗೆದ್ದರು, ಗೆಲುವು ಇವನ ಖಾತೆಗೆ. 1981 ಪೂರ್ತಿ ಎವನ್ಸ್‌ವಿಲ್‌ನ ಕಿರಿಯ ತಂಡದಲ್ಲಿ. ಟೈಗರ್ಸ್ ಬಿಟ್ಟ ಮೇಲೆ ಬಾಸ್ಟನ್‌ನ ಕಿರಿಯ ತಂಡ ಪಾಟಕೆಟ್‌ನಲ್ಲಿ 1982, 83. ಅಲ್ಲೂ ಮೈದಾನ ತುಂಬಿಸಿದ. 1983ರ ಬೇಸಿಗೆಯಲ್ಲಿ ಆಟ ನಿಲ್ಲಿಸಿದಾಗ 29 ಕೂಡ ತುಂಬಿರಲಿಲ್ಲ. ಆಮೇಲೆ ಮ್ಯಾಸಚೂಸೆಟ್ಸ್‌ನ ನಾರ್ತ್‌ಬರೋದಲ್ಲಿ ಜಮೀನು, ಒಂದು ಹತ್ತು ಚಕ್ರದ ಟಿಪ್ಪರ್ ಲಾರಿ. 2009 ಏಪ್ರಿಲ್ 13ರಂದು ಆ ಲಾರಿ ಕೆಳಗೆ ರಿಪೇರಿ ಮಾಡುವಾಗ ಬಟ್ಟೆ ತಿರುಗೋ ಶಾಫ್ಟಿಗೆ ಸುತ್ತಿಕೊಂಡು ತೀರಿಕೊಂಡ. ವಯಸ್ಸು 54.

ಹೊಸಬ_77

ಎಲ್ಲರಿಗೂ ಧನ್ಯವಾದ. ಮೂರನೇ_ಬೇಸ್ ಅವರ ಪಟ್ಟಿಯನ್ನ ಶೀಟಿಗೆ ಹಾಕಿದೆ. ಐದೂ ವರ್ಷ ಕೂಡಿಸಿದ್ರೆ ಇನ್ನಿಂಗ್ಸ್ 411.4 ಬರ್ತಿದೆ. ಅವನ ಲೆಕ್ಕದ ರನ್ 142. ಇಆರ್‌ಎ 3.11 ಬಂತು. ಆದ್ರೆ ಎಲ್ಲಾ ಕಡೆ 3.10 ಅಂತಿದೆ. ಎಲ್ಲಿ ತಪ್ಪಿದೆ?

ಲೆಕ್ಕಪಕ್ಕಾ

ಬಿಂದುವಿನ ಮುಂದಿರೋದು ದಶಮಾಂಶ ಅಲ್ಲ. 12.4 ಓವರ್ ಅಂದರೆ 12 ಓವರ್ 4 ಎಸೆತ ಅಲ್ವಾ, ಹಾಗೇ 250.1 ಅಂದರೆ 250 ಇನ್ನಿಂಗ್ಸ್ 1 ಔಟ್. ಓವರಿಗೆ ಆರು ಎಸೆತ, ಇನ್ನಿಂಗ್ಸಿಗೆ ಮೂರು ಔಟ್. ಎಲ್ಲವನ್ನೂ ಔಟಿಗೆ ಬದಲಿಸಿ: 751, 243, 66, 44, 133. ಕೂಡಿದರೆ 1,237. ಮೂರರಿಂದ ಭಾಗಿಸಿದರೆ 412, ಉಳಿಕೆ 1. ಅಂದರೆ 412.1. ಈಗ 142 × 27 ÷ 1,237 ಹಾಕಿ.

ಹೊಸಬ_77

3.099. ಸರಿಹೋಯ್ತು.